ಇಳಕಲ್ಲ: ಒಂದು ನೇಕಾರ ನಗರದ ಬಾಳು ಮತ್ತು ನಮ್ಮ ಹೊಣೆ

ಉತ್ತರ ಕರ್ನಾಟಕದಲ್ಲಿ ಮದುವೆಯ ಜವಳಿ ಎಂದೊಡನೆ ನೆನಪಾಗುವ ಹೆಸರುಗಳಲ್ಲಿ ಇಳಕಲ್ಲ ಮೊದಲನೆಯದು. ಊರಿನ ಹೆಸರೇ ಸೀರೆಯ ಹೆಸರಾಗಿ ನಾಡಿನ ಮನೆಮನೆಗೂ ತಲುಪಿದೆ. ಆದರೆ ಆ ಸೀರೆಯ ಹಿಂದಿರುವ ಊರನ್ನೂ ಅಲ್ಲಿಯ ಕಾಯಕವನ್ನೂ ಬಲ್ಲವರು ವಿರಳ. ಒಂದು ಚಿಕ್ಕ ನಗರವು ತನ್ನ ಕಾಯಕದಿಂದ ಹೇಗೆ ಬೆಳೆಯುತ್ತದೆ, ಆ ಕಾಯಕ ಸಡಿಲವಾದರೆ ಏನನ್ನು ಕಳೆದುಕೊಳ್ಳುತ್ತದೆ ಎಂಬುದಕ್ಕೆ ಇಳಕಲ್ಲ ಯೋಗ್ಯ ನಿದರ್ಶನವಾಗಿದೆ.

ಇಳಕಲ್ಲ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ. 1997ರಲ್ಲಿ ಈ ಜಿಲ್ಲೆ ರೂಪುಗೊಳ್ಳುವ ಮೊದಲು ಅದು ಅಖಂಡ ವಿಜಾಪುರ ಜಿಲ್ಲೆಗೆ ಸೇರಿತ್ತು. ಬಹುಕಾಲ ಹುನಗುಂದ ತಾಲೂಕಿನ ಊರಾಗಿದ್ದು, ಈಗ ತಾನೇ ತಾಲೂಕು ಕೇಂದ್ರವಾಗಿದೆ. 2011ರ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ ಸುಮಾರು 60 ಸಾವಿರ. ಸ್ವಾತಂತ್ರ್ಯಪೂರ್ವದಲ್ಲಿ ಹುನಗುಂದ ಸೀಮೆ ಮುಂಬಯಿ ಪ್ರಾಂತದಲ್ಲಿದ್ದರೆ, ನೆರೆಯ ಕುಷ್ಟಗಿ, ಲಿಂಗಸುಗೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. 1956ರ ಏಕೀಕರಣವು ಈ ಗಡಿಯನ್ನು ಅಳಿಸಿತು. ಚಾಲುಕ್ಯರ ಐಹೊಳೆ, ಬಸವಣ್ಣನವರ ಐಕ್ಯಸ್ಥಳವಾದ ಕೂಡಲಸಂಗಮ ಇವೆರಡೂ ಇದೇ ಸೀಮೆಯವು.

ಸುತ್ತಣ ನೆಲ ಬಿಳಿಜೋಳ, ಹತ್ತಿಗಳನ್ನು ಕೊಟ್ಟಿತು. ನೆಲದೊಡಲು ಕೆಂಪು ಕಲ್ಲನ್ನು ಕೊಟ್ಟಿತು. ಇಳಕಲ್ಲಿನ ಕೆಂಪು ಗ್ರಾನೈಟು ಇಂದು ದೇಶವಿದೇಶಗಳ ಕಟ್ಟಡಗಳಿಗೆ ಹೋಗುತ್ತಿದೆ. ಕಲ್ಲುಗಣಿ ಅನೇಕರಿಗೆ ಅನ್ನ ನೀಡಿದೆಯಾದರೂ ಊರಿಗೆ ಹೆಸರು ತಂದುದು ನೂಲೇ.

ಇಳಕಲ್ಲ ಸೀರೆಯ ವೈಶಿಷ್ಟ್ಯ ಅದರ ಸೆರಗಿನ ಜೋಡಣೆಯಲ್ಲಿದೆ. ಸಾಮಾನ್ಯ ಸೀರೆಯಲ್ಲಿ ಒಡಲಿಗೂ ಸೆರಗಿಗೂ ಹಾಸು ಒಂದೇ. ಇಲ್ಲಿ ಹಾಗಲ್ಲ. ಒಡಲಿನ ಹಾಸು ಹೆಚ್ಚಾಗಿ ಹತ್ತಿಯದು. ಸೆರಗಿನ ಹಾಸು ಕೆಂಪು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಈ ಎರಡು ಹಾಸುಗಳ ಎಳೆಗಳನ್ನು ಒಂದರ ಕುಣಿಕೆಯಲ್ಲಿ ಇನ್ನೊಂದನ್ನು ತೂರಿಸಿ, ಎಳೆಗೆ ಎಳೆ ಕೊಂಡಿ ಹಾಕುತ್ತಾರೆ. ಆದ್ದರಿಂದಲೇ ಒಡಲಿನ ಬಣ್ಣ ಯಾವುದಿದ್ದರೂ ಸೆರಗಿನ ಕೆಂಪು ಕಲಬೆರಕೆಯಾಗದೆ ಉಳಿಯುತ್ತದೆ. ಹೀಗಾಗಿ ಒಂದೊಂದು ಸೀರೆಗೂ ಬೇರೆಯಾಗಿಯೇ ಹಾಸು ಸಿದ್ಧಪಡಿಸಬೇಕು. ಹತ್ತಾರು ಸೀರೆಗಳನ್ನು ಒಂದೇ ಹಾಸಿನಲ್ಲಿ ನೇಯುವ ಸೌಕರ್ಯ ಇಲ್ಲಿಲ್ಲ.

ಸೆರಗಿನ ಕೆಂಪಿನಲ್ಲಿ ಬಿಳಿಯ ವಿನ್ಯಾಸಗಳು ಮೂಡುತ್ತವೆ. ಅವುಗಳ ಹೆಸರುಗಳೇ ಜನಜೀವನದ ಕಥೆ ಹೇಳುತ್ತವೆ: ಹಣಿಗೆ, ಕೋಟೆಯ ತೆನೆಸಾಲು, ಜೋಳದ ತೆನೆ. ಮನೆಯ ಬಾಚಣಿಗೆ, ಊರ ಕೋಟೆ, ಹೊಲದ ಪೈರು ಮೂರೂ ಒಂದೇ ಸೆರಗಿನಲ್ಲಿ ಕೂಡಿವೆ. ಅಂಚುಗಳಿಗೆ ಗೋಮಿ, ಪರಾಸ್, ಗಾಯತ್ರಿ ಮುಂತಾದ ಹೆಸರುಗಳುಂಟು. ಇಂಥ ಸೀರೆಯ ಮೇಲೆ ನಮ್ಮ ತಾಯಂದಿರು ಕಸೂತಿಯಿಂದ ತೇರು, ಆನೆ, ಕಮಲಗಳನ್ನು ಅರಳಿಸಿದರು.

ಕೈಮಗ್ಗದ ಮನೆಯಲ್ಲಿ ಕಾರಖಾನೆ ಮತ್ತು ಸಂಸಾರ ಎಂಬ ಭೇದವಿಲ್ಲ. ಕುಳಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುವವನು ಒಬ್ಬನಾದರೆ, ಕಂಡಿಕೆ ಸುತ್ತುವವರು, ಹಾಸು ಹೂಡುವವರು, ಕೊಂಡಿ ಹಾಕುವವರು ಮನೆಯ ಇತರರು, ಅದರಲ್ಲಿಯೂ ಹೆಂಗಸರು. ಒಂದು ಸೀರೆಗೆ ಸುಮಾರು ಒಂದು ವಾರ ಹಿಡಿಯುತ್ತದೆ. ಸೀರೆಯ ಬೆಲೆಯಲ್ಲಿ ನೇಕಾರನ ಕೂಲಿ ಮಾತ್ರ ಎಣಿಕೆಗೆ ಬರುತ್ತದೆ. ಈ ಕೈಗಳ ದುಡಿಮೆ ಹಲವು ಸಲ ಲೆಕ್ಕದ ಹೊರಗೇ ಉಳಿಯುತ್ತದೆ. ಇಳಕಲ್ಲಿನ ಬದುಕಿನ ನಿಜವಾದ ಕಷ್ಟ ಇಲ್ಲಿದೆ.

ಇಂಥ ದುಡಿಯುವ ಮನೆಗಳ ಗಳಿಕೆ ದುಶ್ಚಟಗಳ ಪಾಲಾಗಬಾರದೆಂದು ಶ್ರಮಿಸಿದವರು ಚಿತ್ತರಗಿ–ಇಳಕಲ್ಲ ಶ್ರೀ ವಿಜಯ ಮಹಾಂತೇಶ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ಯು ಕಾಳುಕಡಿಯನ್ನು ಬೇಡಲಿಲ್ಲ, ಕುಡಿತ, ತಂಬಾಕುಗಳಂಥ ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿನಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಕಾಯಕದ ಫಲ ಮನೆಗೆ ತಲುಪಿದಾಗಲೇ ಕಾಯಕ ಸಾರ್ಥಕವೆಂಬ ತತ್ತ್ವಕ್ಕೆ ಇದೊಂದು ಆಚರಣೆಯ ಭಾಷ್ಯ.

ಇಂದು ಕೈಮಗ್ಗಕ್ಕೆ ಒದಗಿರುವ ಸಂಕಟ ಎರಡು ಬಗೆಯದು. ಮೊದಲನೆಯದು ವಿದ್ಯುತ್‌ಮಗ್ಗದ ಅನುಕರಣೆ. 1985ರ ಕೇಂದ್ರ ಕಾಯಿದೆಯು ಕೆಲವು ವಸ್ತ್ರಗಳನ್ನು ಕೈಮಗ್ಗಕ್ಕೆಂದೇ ಮೀಸಲಿಟ್ಟಿತು. ಇಳಕಲ್ಲ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೂ ಕಡಿಮೆ ಬೆಲೆಯ ಅನುಕರಣೆಯ ಮುಂದೆ ಒಂದು ವಾರದ ಶ್ರಮ ನಿಲ್ಲುವುದು ಸುಲಭವಲ್ಲ. ಎರಡನೆಯದು, ನಮ್ಮಂಥ ವಿದ್ಯಾಸಂಸ್ಥೆಗಳು ಗಮನಿಸಬೇಕಾದ ಸಂಗತಿ. ನೇಕಾರರ ಮಕ್ಕಳು ಓದಿ ಶಿಕ್ಷಕರೂ ಇಂಜಿನಿಯರರೂ ಆಗುವುದು ನಮ್ಮ ಧ್ಯೇಯ; ಅದು ನ್ಯಾಯವೂ ಹೌದು. ಮಗನು ಕುಳಿಮಗ್ಗಕ್ಕೆ ಮರಳಲೇಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಶಾಲೆಗೆ ಬಂದ ಮಗುವು ತನ್ನ ತಂದೆತಾಯಿಗಳ ಕಸುಬು ಕೀಳೆಂಬ ಭಾವನೆಯನ್ನು ಕಲಿತು ಹೋದರೆ, ಆ ದೋಷ ಶಾಲೆಯದೇ ಆಗುತ್ತದೆ. ನೇಕಾರನಾದ ಜೇಡರ ದಾಸಿಮಯ್ಯನನ್ನು ಆದ್ಯ ವಚನಕಾರರಲ್ಲಿ ಎಣಿಸುವ ಪರಂಪರೆ ನಮ್ಮದು. ಮಗ್ಗವನ್ನೂ ಜ್ಞಾನವನ್ನೂ ಅದು ಬೇರ್ಪಡಿಸಲಿಲ್ಲ.

ಆದಕಾರಣ ಕೆಲವು ಸರಳ ಕಾರ್ಯಗಳು ನಮ್ಮಿಂದ ಸಾಧ್ಯ. ಶಿಕ್ಷಕರು ಹಾಸಿನ ಎಳೆಗಳ ಎಣಿಕೆಯನ್ನು ಗಣಿತದ ಪಾಠಕ್ಕೂ, ವಿನ್ಯಾಸಗಳ ಹೆಸರುಗಳನ್ನು ಕನ್ನಡ ಪಾಠಕ್ಕೂ ಬಳಸಿಕೊಳ್ಳಬಹುದು. ಹಿರಿಯ ನೇಕಾರ ತಾಯಂದಿರನ್ನು ಶಾಲೆಗೆ ಕರೆದು, ಕೊಂಡಿ ಹಾಕುವ ಬಗೆಯನ್ನು ಮಕ್ಕಳ ಮುಂದೆ ತೋರಿಸಲು ಬಿನ್ನವಿಸಬಹುದು. ಹಳೆಯ ವಿದ್ಯಾರ್ಥಿಗಳು ಸೀರೆ ಕೊಳ್ಳುವಾಗ ಒಡಲು ಮುಗಿದು ಸೆರಗು ಆರಂಭವಾಗುವ ಎಡೆಯಲ್ಲಿ ಬೆರಳಾಡಿಸಿ, ಕೊಂಡಿಯ ಸಾಲನ್ನು ಅರಸಬೇಕು; ಅದಿದ್ದರೆ ತಕ್ಕ ಬೆಲೆ ಕೊಡಲು ಹಿಂಜರಿಯಬಾರದು. ದಾನಿಗಳು ವಿದ್ಯಾರ್ಥಿವೇತನ ನೀಡುವಾಗ, ಮಗ್ಗದ ವಿನ್ಯಾಸವನ್ನೇ ಉನ್ನತ ವ್ಯಾಸಂಗದ ವಿಷಯವಾಗಿ ಆಯ್ದುಕೊಳ್ಳುವ ನೇಕಾರರ ಮಕ್ಕಳನ್ನು ನೆನೆಯಬೇಕು.

ಎರಡು ಹಾಸುಗಳನ್ನು ಕೂಡಿಸುವ ಕೈ ಇರುವವರೆಗೆ ಮಾತ್ರ ಇಳಕಲ್ಲ ಸೀರೆ ಇರುತ್ತದೆ. ಆ ಕೈಗೆ ಗೌರವವೂ ಸಲ್ಲಬೇಕಾದ ಪ್ರತಿಫಲವೂ ದೊರೆಯುವಂತೆ ನೋಡಿಕೊಳ್ಳುವುದು, ಕಾಯಕತತ್ತ್ವದ ಹೆಸರಿನಲ್ಲಿ ವಿದ್ಯಾದಾನ ಮಾಡುವ ನಮ್ಮೆಲ್ಲರ ಕರ್ತವ್ಯವಾಗಿದೆ.