ಮೂರು ಪಿಕಳಾರಗಳು, ಮೂರು ನೆಲೆಗಳು

ನಂದಿ ಬೆಟ್ಟದ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಪಿಕಳಾರ ಹಕ್ಕಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಕಾಯಿ ಬಣ್ಣ ತಿರುಗುವ ವೇಳೆಗೆ ಅದು ತೋಟದಲ್ಲಿ ಹಾಜರಿರುತ್ತದೆ. ಆದರೆ ಈ ಪ್ರದೇಶದಲ್ಲಿರುವುದು ಒಂದೇ ಜಾತಿಯ ಪಿಕಳಾರವಲ್ಲ, ಕನಿಷ್ಠ ಮೂರು ಎಂಬುದನ್ನು ಗಮನಿಸಿದವರು ಕಡಿಮೆ. ಮೂರೂ ಸುಮಾರು 20 ಸೆಂ.ಮೀ. ಉದ್ದದವು, ಮೂರಕ್ಕೂ ಹಣ್ಣು ಮತ್ತು ಹುಳುಗಳೇ ಆಹಾರ. ಆದರೂ ಅವು ನೆಲೆಸುವ ಜಾಗಗಳು ಬೇರೆ ಬೇರೆ. ಇದಕ್ಕೆ ಮಳೆ, ನೆಲ ಮತ್ತು ಗಿಡಮರಗಳು ಕಾರಣ.

ಕಪ್ಪು ತಲೆ, ಕಂದು ಮೈ, ಬಾಲದ ಬುಡದಲ್ಲಿ ಕೆಂಪು ಮಚ್ಚೆ ಇರುವುದು ಬಯಲುಸೀಮೆಯ ಪಿಕಳಾರ. ವರ್ಷಕ್ಕೆ 500–600 ಮಿ.ಮೀ. ಮಳೆ ಬೀಳುವ ಚಿತ್ರದುರ್ಗದಂತಹ ಕಡೆಯೂ ಇದಕ್ಕೆ ಕೊರತೆಯಿಲ್ಲ. ಹೊಲದ ಬೇಲಿ, ಜಾಲಿ, ಲಂಟಾನ ಪೊದೆ, ಊರ ನಡುವಿನ ಬೇವಿನ ಮರ, ಯಾವುದಾದರೂ ಆದೀತು.

ಚೂಪಾದ ಕಪ್ಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಗುರುತು ಇದ್ದರೆ ಅದು ಕೆಮ್ಮೀಸೆ ಪಿಕಳಾರ. ಇದಕ್ಕೆ ತೇವ ಮತ್ತು ಹಸಿರು ಬೇಕು. ಮಲೆನಾಡಿನ ಕಾಡಂಚು, ಕೊಡಗಿನ ಕಾಫಿ ತೋಟ, ಮನೆಯ ಹಿತ್ತಿಲು ಇದರ ನೆಲೆ. ಬಯಲು ಸೀಮೆಯಲ್ಲಿ ನೀರಾವರಿ ತೋಟ, ಉದ್ಯಾನಗಳಿದ್ದ ಕಡೆಗೂ ಬರುತ್ತದೆ. ಬೆಂಗಳೂರಿನಲ್ಲಿ ಇದು ಸಾಮಾನ್ಯ. ಒಣ ಕುರುಚಲು ನೆಲ ಆರಂಭವಾದಂತೆ ಇದರ ಸಂಖ್ಯೆ ಇಳಿಯುತ್ತದೆ.

ಮೂರನೆಯದು ಹಳದಿ ಕೊರಳಿನ ಪಿಕಳಾರ. ಜುಟ್ಟಿಲ್ಲ, ತಲೆ ಹಳದಿ ಮಿಶ್ರಿತ ಹಸಿರು, ಮೈ ಬೂದು. ದಕ್ಷಿಣ ಭಾರತವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಇಲ್ಲ. ಇಲ್ಲಿಯೂ ನಂದಿ, ಸಾವನದುರ್ಗ, ದರೋಜಿ, ಆಂಧ್ರದ ಹಾರ್ಸ್‌ಲಿ ಬೆಟ್ಟಗಳಂತಹ ಬಂಡೆಗುಡ್ಡಗಳಲ್ಲಿ ಬಿಡಿ ಬಿಡಿಯಾಗಿ ಹರಡಿದೆ. ಒಂದು ಗುಡ್ಡದಲ್ಲಿದ್ದು, ಎರಡು ಮೈಲಿ ಆಚೆಯ ಬಯಲಿನಲ್ಲಿ ಹುಡುಕಿದರೂ ಸಿಗದು.

ಇದರ ಗುಟ್ಟು ಬಂಡೆಯಲ್ಲಿದೆ. ಬಂಡೆಯ ಮೇಲೆ ಬಿದ್ದ ಮಳೆ ಅಲ್ಲಿ ನಿಲ್ಲದೆ ಸಂದುಗಳಿಗೆ ಇಳಿಯುತ್ತದೆ. ಕೊಚ್ಚಿಬಂದ ಮಣ್ಣು, ತರಗೆಲೆ ಅಲ್ಲೇ ಸೇರುತ್ತವೆ. ದೊಡ್ಡ ಬಂಡೆಗಳ ನೆರಳಿನಲ್ಲಿ ಆ ತೇವ ಬೇಗ ಆರುವುದಿಲ್ಲ. ಹೀಗಾಗಿ ಸುತ್ತಲ ಹೊಲ ಬೇಸಗೆಯಲ್ಲಿ ಬೆಂದುಹೋದಾಗಲೂ ಸಂದಿನಲ್ಲಿ ಬೇರೂರಿದ ಗೋಣಿ, ಬಸರಿ ಗಿಡಗಳು, ಪೊದೆಗಳು ಹಸಿರಾಗಿರುತ್ತವೆ. ಹಕ್ಕಿಗೆ ಹಣ್ಣು, ಹುಳು, ನೆರಳು ಒಂದೆಡೆ ದೊರೆಯುತ್ತವೆ. ನಂದಿಯ ಎತ್ತರ 1478 ಮೀಟರು. ಅಲ್ಲಿನ ಮಂಜೂ ಕೊಂಚ ನೆರವಾಗುತ್ತದೆ. ಆದರೆ ಎತ್ತರವೇ ಮುಖ್ಯವಲ್ಲ, ಏಕೆಂದರೆ ದರೋಜಿಯ ತಗ್ಗು ಗುಡ್ಡಗಳಲ್ಲಿಯೂ ಈ ಹಕ್ಕಿ ಇದೆ.

ನೆಲೆ ಇಷ್ಟು ಕಿರಿದಾದುದರಿಂದಲೇ ಅಪಾಯವೂ ಹೆಚ್ಚು. ಬಯಲ ಪಿಕಳಾರದ ಒಂದು ಬೇಲಿ ಕಡಿದರೆ ಅದು ಮತ್ತೊಂದು ಬೇಲಿಗೆ ಹೋದೀತು. ಬಂಡೆಗುಡ್ಡ ಕಲ್ಲುಕ್ವಾರಿಯಾದರೆ ಹಳದಿ ಕೊರಳಿನದಕ್ಕೆ ಹೋಗಲು ಜಾಗವಿಲ್ಲ. ಹೊಸ ಹುಲ್ಲಿಗಾಗಿ ಬೇಸಗೆಯಲ್ಲಿ ಹಚ್ಚುವ ಬೆಂಕಿ, ಸೌದೆಗಾಗಿ ಪೊದೆ ಸವರುವುದು ಸಹ ಇದರ ನೆಲೆಯನ್ನು ಹಾಳುಮಾಡುತ್ತವೆ. ಅಳಿವಿನ ಭೀತಿಯಿರುವ ಹಕ್ಕಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದು ಸೇರಿದೆ.

ದ್ರಾಕ್ಷಿ, ಸೀಬೆಗೆ ಹಾನಿ ಮಾಡುವುದು ಬಹುತೇಕ ಮೊದಲಿನ ಎರಡು ಜಾತಿಗಳು. ಗುಡ್ಡದ ಹಕ್ಕಿ ತೋಟಕ್ಕಿಳಿಯುವುದು ವಿರಳ. ಹಾನಿಯ ಜೊತೆಗೆ ಲಾಭವನ್ನೂ ಎಣಿಸಬೇಕು. ಪಿಕಳಾರಗಳು ಮರಿಗಳಿಗೆ ಕಂಬಳಿಹುಳು ಮುಂತಾದ ಕೀಟಗಳನ್ನು ಹಿಡಿದು ತಿನ್ನಿಸುತ್ತವೆ. ಬೇಲಿಯಲ್ಲಿ ತಾನಾಗಿ ಹುಟ್ಟುವ ಗಂಧದ ಸಸಿ ಹಲವು ಬಾರಿ ಇವುಗಳ ಬಿತ್ತನೆ. ಲಂಟಾನವನ್ನು ಹಬ್ಬಿಸುವುದೂ ಇವೇ ಎಂಬುದು ಬೇರೆ ಮಾತು.

ಹಣ್ಣು ಮಾಗುವ ಮೊದಲೇ ಚಪ್ಪರದ ಮೇಲೆ, ಬದಿಗಳಲ್ಲಿ ಬಲೆ ಹೊದಿಸುವುದು ಉತ್ತಮ ಉಪಾಯ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲವಾದರೆ ಹಕ್ಕಿ ಸಿಕ್ಕಿ ಸಾಯುತ್ತದೆ. ಈ ಹಕ್ಕಿಗಳನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಬೇಲಿ ಸವರುವ ಕೆಲಸವನ್ನು ಫೆಬ್ರವರಿಯಿಂದ ಮೇವರೆಗೆ ನಿಲ್ಲಿಸುವುದು ಒಳ್ಳೆಯದು. ಆಳೆತ್ತರದ ಪೊದೆಗಳಲ್ಲಿ ಇವು ಗೂಡು ಕಟ್ಟಿ ಎರಡು ಮೂರು ಮೊಟ್ಟೆ ಇಡುವ ಕಾಲವದು.