ಹೊಸೂರಿನ ಗುಲಾಬಿ ತೋಟದಿಂದ ಇಥಿಯೋಪಿಯಕ್ಕೆ

ಪರದೇಶವೆಂದೊಡನೆ ಕನ್ನಡ ಓದುಗರ ಮನಸ್ಸು ಇಂಗ್ಲೆಂಡ್, ಅಮೆರಿಕಗಳತ್ತ ಹರಿಯುವುದುಂಟು. ನಮ್ಮ ಪ್ರವಾಸ ಸಾಹಿತ್ಯ ಬೆಳೆಸಿದ ರೂಢಿಯಿದು. ಆದರೆ ಕೃಷ್ಣಗಿರಿ ಜಿಲ್ಲೆಯ ಗಡಿಯಂಚಿನ ಬೇರಿಕೆ, ಬಾಗಲೂರು, ಹೊಸೂರು ಸೀಮೆಯವರಿಗೆ ಇನ್ನೊಂದು ದಾರಿಯೂ ತೆರೆದಿದೆ. ಇಲ್ಲಿನ ಪಾಲಿಹೌಸುಗಳಲ್ಲಿ ಗುಲಾಬಿ ಬೆಳೆಯುವ ವಿದ್ಯೆ ಕಲಿತವರಿಗೆ ಕೀನ್ಯಾ, ಇಥಿಯೋಪಿಯಗಳ ಹೂದೋಟಗಳಲ್ಲಿ ಮೇಲ್ವಿಚಾರಕರ ಕೆಲಸ ದೊರೆಯುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಆಡಿಸ್ ಅಬಾಬ 2,300 ಮೀಟರಿಗೂ ಮೇಲಿದೆ. ಅಲ್ಲಿಯ ತಂಪಿನಲ್ಲಿ ಗಿಡ ನಿಧಾನವಾಗಿ ಬೆಳೆದು ಮೊಗ್ಗು ದಪ್ಪವಾಗುತ್ತದೆ. ಯುರೋಪಿನ ಮಾರುಕಟ್ಟೆಯೂ ಹತ್ತಿರ.

ಹೊರಡುವವರು ಸಾಮಾನ್ಯವಾಗಿ ‘ಹಿಂದುಳಿದ ದೇಶ’ ಎಂಬ ಮಾತನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೊರಡುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ವಿದ್ಯುತ್ತು ಕೈಕೊಡುತ್ತದೆ, ವಿದೇಶಿ ವಿನಿಮಯದ ಅಭಾವದಿಂದ ಯಂತ್ರದ ಒಂದು ಬಿಡಿಭಾಗಕ್ಕೂ ಕಾಯಬೇಕಾಗುತ್ತದೆ. 2024ರ ಜುಲೈಯಲ್ಲಿ ಅಲ್ಲಿನ ನಾಣ್ಯವಾದ ಬಿರ್‌ನ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಬೆಲೆ ಬಹುವಾಗಿ ಕುಸಿಯಿತು. ಸಂಬಳ ಯಾವ ನಾಣ್ಯದಲ್ಲಿ ಎಂಬುದನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಕೇಳಿಕೊಳ್ಳಬೇಕು. ಇಂಥ ಕೊರತೆಗಳಿಗೆ ಮನಸ್ಸು ಬೇಗನೆ ಒಗ್ಗುತ್ತದೆ. ಒಗ್ಗದಿರುವುದು, ಅಲ್ಲಿ ಇರಲಾರದೆಂದು ಭಾವಿಸಿದ್ದು ಎದುರಾದಾಗ.

ಮೊದಲನೆಯದು ಗಡಿಯಾರ. ಇಥಿಯೋಪಿಯದಲ್ಲಿ ದಿನದ ಎಣಿಕೆ ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ‘ಎರಡು ಗಂಟೆಗೆ ಬರುತ್ತೇನೆ’ ಎಂದ ಕೆಲಸಗಾರ ಎಂಟಕ್ಕೆ ಸರಿಯಾಗಿ ಬಂದಿರುತ್ತಾನೆ. ತಿಳಿಯದ ಮೇಲ್ವಿಚಾರಕ ಅವನನ್ನು ಸೋಮಾರಿಯೆಂದು ಬರೆದುಕೊಳ್ಳುತ್ತಾನೆ. ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಾಡಿನವರಿಗೆ ಇದು ವಿಚಿತ್ರವೆನಿಸಬಾರದು. ಅವರ ಪಂಚಾಂಗವೂ ಬೇರೆ: ಮೂವತ್ತು ದಿನಗಳ ಹನ್ನೆರಡು ತಿಂಗಳು, ಐದಾರು ದಿನಗಳ ಹದಿಮೂರನೆಯದೊಂದು. ನಮ್ಮ 2007ರ ಸೆಪ್ಟೆಂಬರಿನಲ್ಲಿ ಅವರು 2000ದ ಹೊಸವರ್ಷ ಆಚರಿಸಿದರು.

ಭಾಷೆಯ ವಿಷಯ ಕನ್ನಡ ವಿದ್ಯಾರ್ಥಿಗಳಿಗೆ ಇನ್ನೂ ರೋಚಕವಾದೀತು. ಅಮ್ಹಾರಿಕ್ ಲಿಪಿಯಲ್ಲಿ 33 ಮೂಲಾಕ್ಷರಗಳು. ಪ್ರತಿಯೊಂದಕ್ಕೂ ಸ್ವರಭೇದದಿಂದ ಏಳೇಳು ರೂಪಗಳು. ಅದು ನಮ್ಮ ಕಾಗುಣಿತದ ತತ್ತ್ವವೇ. ಅರಬ್ಬಿ, ಹೀಬ್ರೂಗಳ ಬಳಗದ್ದಾದರೂ ಇದರ ವಾಕ್ಯ ಕ್ರಿಯಾಪದದಿಂದ ಮುಗಿಯುತ್ತದೆ, ಕನ್ನಡದಂತೆ. ಗಂಡಸಿಗೆ ‘ಅಂತೆ’, ಹೆಂಗಸಿಗೆ ‘ಅಂಚಿ’, ಗೌರವಕ್ಕೆ ‘ಇರ್ಸ್ವೊ’ ಎಂಬ ಬೇರೆಯೇ ಸರ್ವನಾಮ. (ನಮ್ಮ ಕಿವಿಗೆ ‘ಅಂತೆ’ ಎಂದರೆ ಕಂತೆಯ ನೆನಪು!) ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಎಂದು ಬೆಳೆದ ಬೇರಿಕೆಯ ಯುವಕನಿಗೆ ನಾಲ್ಕನೆಯ ಭಾಷೆಯ ‘ನೀವು’ ಕಲಿಯುವುದು ಕಷ್ಟವಲ್ಲ. ಕಲಿಯಬೇಕೆಂದು ಅವನಿಗೆ ತೋಚಬೇಕು, ಅಷ್ಟೆ. ತೋಚದೆ, ತಂದೆಯ ವಯಸ್ಸಿನ ಕೆಲಸಗಾರನನ್ನು ಏಕವಚನದಲ್ಲಿ ಕರೆದರೆ ಅಲ್ಲಿಯೂ ಮುಖ ಬಾಡುತ್ತದೆ.

ಊಟದ ಚಿಂತೆ ಹೆಚ್ಚು ಬೇಡ. ಟೆಫ್ ಎಂಬ ಕಿರುಧಾನ್ಯದ ಹಿಟ್ಟನ್ನು ಹುಳಿಬರಿಸಿ ಕಾವಲಿಯ ಮೇಲೆ ಹುಯ್ಯುವ ಇಂಜೆರ ದೋಸೆಯ ನಂಟ. ಕಾಳಿನ ಹಿಟ್ಟಿನ ‘ಶಿರೊ’ವನ್ನು ಉತ್ತರ ಕರ್ನಾಟಕದವರು ಝುಣಕವೆಂದೇ ಉಣ್ಣಬಹುದು. ಬುಧವಾರ, ಶುಕ್ರವಾರ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಬೇರಿಕೆಯ ಮುದ್ದೆಯ ರಾಗಿಯೂ ಸಹಸ್ರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕದ ಎತ್ತರದ ನೆಲದಿಂದಲೇ ಬಂದದ್ದು. ಅಲ್ಲಿ ಅದರ ಹೆಸರು ದಗುಸ.

ತಪ್ಪು ನಿರೀಕ್ಷೆಯ ಬೆಲೆ ಕೆಲವೊಮ್ಮೆ ಬಹಳ ದೊಡ್ಡದು. ಗುಲಾಬಿಯಿಂದ ಹೆಸರಾದ ಬೆಂಗಳೂರಿನ ಕರುತುರಿ ಸಂಸ್ಥೆ ಇಥಿಯೋಪಿಯದ ಪಶ್ಚಿಮ ತಗ್ಗಿನ ಗಾಂಬೆಲ್ಲದಲ್ಲಿ ಒಂದು ಲಕ್ಷ ಹೆಕ್ಟೇರ್ ನೆಲವನ್ನು ಗುತ್ತಿಗೆಗೆ ಪಡೆಯಿತು. ಅಗ್ಗದ, ಫಲವತ್ತಾದ, ಖಾಲಿ ನೆಲ ಎಂಬ ಕಲ್ಪನೆ ಆಗಿನ ಹೂಡಿಕೆದಾರರಲ್ಲಿ ಸಾಮಾನ್ಯವಾಗಿತ್ತು. 2011ರಲ್ಲಿ ಬಾರೊ ನದಿಯ ನೆರೆ ಮೆಕ್ಕೆಜೋಳವನ್ನು ಮುಳುಗಿಸಿತು. 2015ರ ಕೊನೆಗೆ ಸರ್ಕಾರ ಗುತ್ತಿಗೆಯನ್ನೇ ರದ್ದುಮಾಡಿತು. ಅದೇ ದಂಡೆಯ ಅನ್ಯುಆ ಜನ ನೆರೆಗಾಗಿ ಕಾದು, ನೀರು ಇಳಿದ ಮೇಲೆ ಉಳಿದ ಹಸಿ ನೆಲದಲ್ಲಿ ಜೋಳ ಬಿತ್ತುವವರು.