ಕೂಡುದಾರಿಯಲ್ಲಿ ನಿಂತ ಮಳೆನೀರು

ಮೂರ್ನಾಲ್ಕು ಮನೆಗಳಿಗೆ ಒಂದೇ ಖಾಸಗಿ ದಾರಿ ಇದ್ದರೆ, ಮಳೆಗಾಲದಲ್ಲಿ ನೀರು ನಿಲ್ಲುವುದು ತಗ್ಗಿನ ಮನೆಯ ಗೇಟಿನ ಮುಂದೆ. ಅದು ಅವರ ಪಾಡು ಎಂದು ಉಳಿದವರು ಸುಮ್ಮನಿರುತ್ತಾರೆ. ಆದರೆ ಅಲ್ಲಿ ಹುಟ್ಟಿದ ಸೊಳ್ಳೆ ಎಲ್ಲರ ಮನೆಗೂ ಬರುತ್ತದೆ. ನಿಂತ ನೀರಿನಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು.

ಇಲಿಜ್ವರ ಇನ್ನೂ ಅಪಾಯಕಾರಿ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದರೆ ಕಾಲಿನ ಸಣ್ಣ ಗಾಯದಿಂದಲೇ ರೋಗಾಣು ಒಳಸೇರುತ್ತದೆ. ಮದ್ರಸಕ್ಕೆ ಹೋಗುವ ಮಕ್ಕಳು ಬೇಕೆಂದೇ ಆ ನೀರಿಗೆ ಇಳಿಯುತ್ತಾರೆ. ಆಮೇಲೆ ಜ್ವರ ಬಂದು ಮೀನಖಂಡ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಮನೆಮದ್ದು ಬೇಡ. ನಮ್ಮ ಜೋಶಾಂದವೂ ಬೇಡ. ಅಂದೇ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ.

ಸಾವಿರ ಚದರಡಿ ತಾರಸಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಹೆಚ್ಚು ನೀರಾಗುತ್ತದೆ. ತಾರಸಿಯ ಪೈಪನ್ನು ದಾರಿಗೆ ಬಿಟ್ಟವರು ಮೊದಲು ಅದನ್ನು ತಮ್ಮ ಹಿತ್ತಲಿನ ಇಂಗುಗುಂಡಿಗೆ ತಿರುಗಿಸಲಿ. ಇಂಗುಗುಂಡಿ ಶೌಚಗುಂಡಿಯಿಂದ ದೂರವಿರಲಿ. ಇಂಟರ್‌ಲಾಕ್ ಹಾಸುವಾಗ ಹತ್ತು ಅಡಿಗೆ ಒಂದೂಕಾಲು ಇಂಚಿನಷ್ಟು ಇಳಿಜಾರು ಕೊಡಿಸಿ. ಇಳಿಜಾರು ಚರಂಡಿಯ ಕಡೆಗಿರಲಿ, ನೆರೆಮನೆಯ ಕಡೆಗಲ್ಲ. ಖರ್ಚನ್ನು ತಗ್ಗಿನ ಮನೆಯವರ ತಲೆಗೆ ಕಟ್ಟಬೇಡಿ, ನೀರು ಬಂದದ್ದು ಮೇಲಿನ ಮನೆಗಳಿಂದ. ದಾರಿಯಲ್ಲಿ ತೊಂದರೆ ಕೊಡುವುದನ್ನು ಸರಿಸುವುದು ಸದಕ ಎಂದು ಪ್ರವಾದಿ(ಸ) ಕಲಿಸಿದ್ದಾರೆ.

ಚರಂಡಿಯ ಜಾಲರಿಯಲ್ಲಿ ಸಿಕ್ಕಿದ ಎಲೆ, ಪ್ಲಾಸ್ಟಿಕ್ ತೆಗೆಯಲು ಮನೆಗೊಂದು ವಾರದಂತೆ ಸರದಿ ಹಚ್ಚಿಕೊಳ್ಳಿ. ಶುಕ್ರವಾರ ಜುಮಾದ ಸ್ನಾನಕ್ಕೆ ಮೊದಲು ಹತ್ತು ನಿಮಿಷ ಸಾಕು. ಕಾಲಿಗೆ ಗಂಬೂಟು, ಕೈಗೆ ಗ್ಲೌಸ್ ಮರೆಯಬೇಡಿ.